ಶಿಕ್ಷೆಯ ಪ್ರಮಾಣ ಬರೆಯುವ ಮುನ್ನ

ಮಗಳೇ,

ಇನ್ನು ಮೇಲೆ ನೀನು ತಾಲ್ಲೂಕು ಕೋರ್ಟಿನ ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್. ಒಬ್ಬ ಮನುಷ್ಯನನ್ನು 3 ವರ್ಷದವರೆಗೆ ಜೈಲಿಗೆ ಕಳಿಸುವ, 50,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ನಿನ್ನ ಕೈಗೆ ಬರುತ್ತದೆ. ಸಾಕ್ಷ್ಯ ಅಳೆಯುವುದನ್ನು, ತೀರ್ಪು ಬರೆಯುವುದನ್ನು ಅಕಾಡೆಮಿಯಲ್ಲಿ ಕಲಿಸುತ್ತಾರೆ. ಆರೋಪಿಗಳ ಪರ ವಕಾಲತ್ತು ಹಾಕುತ್ತಲೇ ತಲೆ ನರೆಸಿಕೊಂಡ ನಿನ್ನ ದೊಡ್ಡಪ್ಪ ಹೇಳುವುದು ಅದರ ಮುಂದಿನ ಮಾತು. ಅಪರಾಧ ರುಜುವಾತಾಯಿತು, ಈಗ ಶಿಕ್ಷೆ ಎಷ್ಟು, ಮತ್ತು ಯಾತಕ್ಕೆ?

ಮಾಡಿದ್ದಕ್ಕೆ ತಕ್ಕ ಪ್ರತಿಫಲ, ಉಳಿದವರಿಗೆ ಅಂಜಿಕೆ, ಅಪಾಯಕಾರಿಯನ್ನು ಜನರಿಂದ ದೂರ ಇಡುವುದು, ತಪ್ಪಿದವನನ್ನು ತಿದ್ದುವುದು ಎಂದೆಲ್ಲ ಪರೀಕ್ಷೆಗೆ ಓದಿದ್ದೀಯೆ. ಆದೇಶ ಬರೆಯಲು ಕೂತಾಗ ಇವು ಒಂದನ್ನೊಂದು ತಳ್ಳಾಡುತ್ತವೆ, ಹೆಚ್ಚು ಸಲ ಗೆಲ್ಲುವುದು ಅಂಜಿಕೆಯೇ. 'ಸಮಾಜಕ್ಕೆ ತಕ್ಕ ಸಂದೇಶ ಹೋಗಬೇಕು' ಎಂದು ಬರೆದು ಶಿಕ್ಷೆ ಏರಿಸುವುದು ಸುಲಭ. ಆ ಸಂದೇಶ ತಲುಪುವುದು ಯಾರಿಗೆ? ರಾತ್ರಿ ಬೈಕ್ ಕದಿಯುವ ಹುಡುಗ ಕಲಂ ನೋಡಿ, ವರ್ಷ ಎಣಿಸಿ ಕದಿಯುವುದಿಲ್ಲ. ಸಿಕ್ಕಿಬೀಳುತ್ತೇನೋ ಇಲ್ಲವೋ ಎಂಬುದಷ್ಟೇ ಅವನ ಲೆಕ್ಕ. ಇಟಲಿಯ ಬೆಕಾರಿಯಾ 1764ರಲ್ಲೇ ಬರೆದ: ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಅದು ತಪ್ಪದೆ, ಬೇಗ ಬರುತ್ತದೆ ಎಂಬ ಖಾತ್ರಿ. ನಮ್ಮಲ್ಲಿ ಪಂಚರು ತಿರುಗಿಬೀಳುತ್ತಾರೆ, ವಾಯಿದೆಯ ಮೇಲೆ ವಾಯಿದೆ ಹೋಗುತ್ತದೆ, ಮುದ್ದೆಮಾಲು ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯುತ್ತದೆ. ವರ್ಷಗಳು ಕಳೆದ ಮೇಲೆ ಕೊಡುವ ಶಿಕ್ಷೆ 1 ವರ್ಷವಾದರೇನು, 3 ವರ್ಷವಾದರೇನು, ಊರಿಗೆ ಆ ಕೇಸೇ ಮರೆತಿರುತ್ತದೆ. ಜನರಿಗೆ ಕಾನೂನಿನ ಭಯ ಇರಬೇಕು ಎಂದು ನಿನಗೆ ನಿಜವಾಗಿ ಅನ್ನಿಸಿದರೆ, ಸುಮ್ಮನೆ ಕೇಳುವ ವಾಯಿದೆಗೆ ಇಲ್ಲ ಎನ್ನು. ವರ್ಷ ಹೆಚ್ಚಿಸುವುದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಗಲ್ಲಿನ ವಿಷಯವೂ ಇದೇ. 2012ರ ದೆಹಲಿ ಅತ್ಯಾಚಾರದ ನಂತರ ನ್ಯಾಯಮೂರ್ತಿ ವರ್ಮಾ ಸಮಿತಿ ಅತ್ಯಾಚಾರಕ್ಕೆ ಮರಣದಂಡನೆ ಬೇಡ ಎಂದಿತು, ಸರ್ಕಾರ ಒಪ್ಪಲಿಲ್ಲ. 2015ರಲ್ಲಿ ಕಾನೂನು ಆಯೋಗ ತನ್ನ 262ನೇ ವರದಿಯಲ್ಲಿ, ಜೀವಾವಧಿಗಿಂತ ಗಲ್ಲು ಹೆಚ್ಚು ಅಂಜಿಕೆ ಹುಟ್ಟಿಸುತ್ತದೆ ಎನ್ನಲು ಆಧಾರವಿಲ್ಲವೆಂದು ಹೇಳಿ, ಭಯೋತ್ಪಾದನೆಯಂಥ ಪ್ರಕರಣ ಬಿಟ್ಟು ಉಳಿದುದಕ್ಕೆ ಅದನ್ನು ತೆಗೆಯಲು ಶಿಫಾರಸು ಮಾಡಿತು. ಅದೂ ಕಪಾಟಿನಲ್ಲಿದೆ.

ಇದೆಲ್ಲ ಪಾಶ್ಚಾತ್ಯರ ಮೆದು ಮಾತು ಎನ್ನುವ ಹಿರಿಯರು ನಿನಗೆ ಬಾರ್ ರೂಮಿನಲ್ಲೇ ಸಿಗುತ್ತಾರೆ. ಅವರಿಗೆ ಮಹಾಭಾರತದ ಶಾಂತಿಪರ್ವ ತೋರಿಸು. ವಧೆಗೆ ತಂದ ಅಪರಾಧಿಗಳನ್ನು ಕಂಡು ಸತ್ಯವಾನ, ಸಾವಿತ್ರಿಯ ಗಂಡ ಅದೇ ಸತ್ಯವಾನ, ತಂದೆ ದ್ಯುಮತ್ಸೇನನೊಡನೆ ವಾದಕ್ಕಿಳಿಯುತ್ತಾನೆ. ಒಬ್ಬ ದಸ್ಯುವನ್ನು ಕೊಂದರೆ ಅವನ ಹೆಂಡತಿ, ತಾಯಿ, ತಂದೆ, ಮಕ್ಕಳನ್ನೂ ಕೊಂದಂತೆಯೇ. ಕೆಟ್ಟವನೂ ಒಮ್ಮೊಮ್ಮೆ ಒಳ್ಳೆಯ ನಡತೆ ಕಲಿಯುತ್ತಾನೆ. ಬೇರುಸಹಿತ ಕೀಳಬೇಡ ಎನ್ನುತ್ತಾನೆ. ಶಿಕ್ಷೆಯ ಪರ ನಿಂತ ತಂದೆಯ ಮಾತು ಇನ್ನೂ ಗಮನಿಸುವಂಥದ್ದು. ಒಂದು ಕಾಲಕ್ಕೆ 'ಛೀ' ಎಂದರೆ ಸಾಕಿತ್ತು, ಆಮೇಲೆ ಬೈಗುಳ ಬೇಕಾಯಿತು, ಆಮೇಲೆ ದಂಡ, ಈಗ ವಧೆ. ವಧೆಗೂ ಬಗ್ಗದವರಿದ್ದಾರೆ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಇನ್ನು ಯಾಜ್ಞವಲ್ಕ್ಯ ಸ್ಮೃತಿ ಹೇಳುವುದು, ಅಪರಾಧದ ಜೊತೆಗೆ ದೇಶ, ಕಾಲ, ವಯಸ್ಸು, ಕಸುಬು, ಹಣದ ಸ್ಥಿತಿ ಎಲ್ಲ ತಿಳಿದು ದಂಡಿಸಬೇಕು ಎಂದು. ಆ ಸ್ಮೃತಿಗೆ 'ಮಿತಾಕ್ಷರ' ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ನಮ್ಮ ಕಲ್ಯಾಣದಲ್ಲೇ.

ಅದನ್ನೆಲ್ಲ ತಿಳಿಯಲು ಕಾನೂನು ನಿನಗೊಂದು ಗಳಿಗೆ ಕೊಟ್ಟಿದೆ: ಶಿಕ್ಷೆಯ ಪ್ರಮಾಣದ ಮೇಲಿನ ವಾದ. ಅದು ನಡೆಯುವ ರೀತಿ ನೋಡಿದರೆ ಸಂಕಟವಾಗುತ್ತದೆ. ತೀರ್ಪು ಓದಿದ ಕೂಡಲೇ ಕಟಕಟೆಯಲ್ಲಿ ನಿಂತವನಿಗೆ 'ಏನಾದರೂ ಹೇಳುವುದಿದೆಯೇ?' ಎಂಬ ಪ್ರಶ್ನೆ. ಅವನಿಗೆ ಬಾಯಿ ಒಣಗಿರುತ್ತದೆ, ವಕೀಲರ ಮುಖ ನೋಡುತ್ತಾನೆ. ವಕೀಲರು ಎದ್ದು 'ಹೆಂಡತಿ ಮಕ್ಕಳಿದ್ದಾರೆ, ಇದು ಮೊದಲ ತಪ್ಪು, ಕರುಣೆ ತೋರಬೇಕು ಸ್ವಾಮಿ' ಎನ್ನುತ್ತಾರೆ. ಸರ್ಕಾರದ ಪರ ವಾದಿಸುವ ಎಪಿಪಿ 'ಗರಿಷ್ಠ ಶಿಕ್ಷೆ ಕೊಡಬೇಕು' ಎನ್ನುತ್ತಾರೆ. ಅಷ್ಟರಲ್ಲಿ ಬೆಂಚ್ ಕ್ಲರ್ಕ್ ಮುಂದಿನ ಕಡತ ಎತ್ತಿರುತ್ತಾನೆ. ನೀನು ಹಾಗೆ ಮಾಡಬೇಡಮ್ಮ. ಒಂದು ದಿನ ಮುಂದಕ್ಕೆ ಹಾಕು. ಆ ವಾಯಿದೆ ವ್ಯರ್ಥವಲ್ಲ. ಏನು ಕೆಲಸ, ಮನೆಯಲ್ಲಿ ಯಾರು, ಕುಡಿತವೇ, ಸಾಲವೇ ಎಂದು ನೀನೇ ಕೇಳು.

21 ತುಂಬದವನಾದರೆ, ಜೀವಾವಧಿ ಬೀಳುವಂಥ ಅಪರಾಧ ಅಲ್ಲದಿದ್ದರೆ, ಪರಿವೀಕ್ಷಣಾಧಿಕಾರಿಯ ವರದಿ ತರಿಸಲೇಬೇಕು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಹೇಳುವುದು ಹಾಗೆ. ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಲು ಅದೇ ಕಾಯ್ದೆಯಲ್ಲಿ ದಾರಿಯಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತೇವಲ್ಲ, ಹಾಗಾಗಬಾರದೆಂದೇ, ಹೀಗೆ ಬಿಟ್ಟವನಿಗೆ ಶಿಕ್ಷೆಯಾದ ಕಾರಣಕ್ಕೆ ಬರುವ ಅನರ್ಹತೆ ತಟ್ಟದಂತೆ 12ನೇ ಕಲಂ ಇದೆ. ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆಯೂ ಶಿಕ್ಷೆಯಾಗಿ ಬಂದಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು ಮೊದಲ ಸಲ ಕದ್ದು ಹಿಂದಿರುಗಿಸಿದವನಿಗೆ ಅದೇ ಶಿಕ್ಷೆ.

ಜೈಲು ತಿದ್ದುತ್ತದೆ ಎಂದು ನಂಬಿ ಯಾರನ್ನೂ ಅಲ್ಪಾವಧಿಗೆ ಕಳಿಸಬೇಡ. ತಿದ್ದುವುದಿರಲಿ, ನಮ್ಮ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ತೀರ್ಪೇ ಆಗದ ವಿಚಾರಣಾಧೀನರು. ಜಾಮೀನುದಾರ ಸಿಗದ ಬಡವ ಮನೆಗೆ ಹೋದರೆ ಸಾಕೆಂದು ತಪ್ಪೊಪ್ಪಿಕೊಳ್ಳುತ್ತಾನೆ; ಒಳಗಿದ್ದ ಅವಧಿಯನ್ನೇ ಶಿಕ್ಷೆಯೆಂದು ಬರೆದು ಕೇಸು ಮುಗಿಸುತ್ತಾರೆ; ಆಮೇಲೆ ಊರಲ್ಲಿ ಕಳ್ಳತನವಾದಾಗಲೆಲ್ಲ ಪೊಲೀಸರು ಮೊದಲು ಹುಡುಕುವುದು ಅವನನ್ನೇ. ಅಂಥ ತಪ್ಪೊಪ್ಪಿಗೆ ಬಂದಾಗ, ಯಾಕೆ ಒಪ್ಪಿಕೊಳ್ಳುತ್ತಿದ್ದೀ ಎಂದು ಕನ್ನಡದಲ್ಲಿ, ಅವನಿಗೆ ತಿಳಿಯುವ ಹಾಗೆ ಕೇಳು.

ಎಲ್ಲರನ್ನೂ ಬಿಟ್ಟುಬಿಡು ಎಂದು ನಾನು ಹೇಳುತ್ತಿಲ್ಲ. ಹೆಂಡತಿಯನ್ನು ದಿನಾ ಬಡಿಯುವವನು, ಜಾಮೀನಿನಲ್ಲಿ ಹೊರಬಂದು ಸಾಕ್ಷಿಯ ಮನೆ ಮುಂದೆ ನಿಲ್ಲುವವನು ಇಂಥವರನ್ನು ಸ್ವಲ್ಪ ಕಾಲ ದೂರ ಇಡಲೇಬೇಕು. ಅಷ್ಟರಮಟ್ಟಿಗೆ ಜೈಲು ಕೆಲಸ ಮಾಡುತ್ತದೆ. ನೊಂದವರ ಸಿಟ್ಟನ್ನೂ ಹಗುರ ಮಾಡಬೇಡ. ಅದು ನ್ಯಾಯವಾದ ಸಿಟ್ಟು, ಕೋರ್ಟು ಅದನ್ನು ಕೇಳದಿದ್ದರೆ ಜನ ಮಚ್ಚು ಹಿಡಿಯುತ್ತಾರೆ. ಆದರೆ ಮಾಂಗಲ್ಯದ ಸರ ಕಳೆದುಕೊಂಡವಳಿಗೆ ಕಳ್ಳನ 2 ವರ್ಷದ ಸೆರೆವಾಸದಿಂದ ಒಂದು ಗುಂಡೂ ವಾಪಸ್ ಬರುವುದಿಲ್ಲ. ದಂಡದ ಹಣದಿಂದ ಅವಳಿಗೆ ಪರಿಹಾರ ಕೊಡಿಸು. ದಂಡ ಹಾಕದಿದ್ದಾಗಲೂ ಪರಿಹಾರ ಕೊಡಿಸುವ ಅಧಿಕಾರ ನಿನಗಿದೆ. ವಶಪಡಿಸಿಕೊಂಡ ಸರವಿದ್ದರೆ ಕೇಸು ಮುಗಿಯುವವರೆಗೆ ಕಾಯಿಸದೆ, ಫೋಟೊ ತೆಗೆಸಿ, ಬಾಂಡ್ ಬರೆಸಿಕೊಂಡು ಮಧ್ಯಂತರವಾಗಿ ಅವಳ ಕೈಗೆ ಕೊಡಿಸು.