ಸಕ್ಕರೆ ಕಾಯಿಲೆಯವರು ಕಾಲನ್ನು ಕಾಯಬೇಕು



ಜಾಲಿ ಮುಳ್ಳು ಅಂಗಾಲಿಗೆ ನಾಟಿದರೆ ಯಾರೂ ಮುಂದಿನ ಹೆಜ್ಜೆ ಇಡಲಾರರು. ಆದರೆ ಸಕ್ಕರೆ ಕಾಯಿಲೆ ಹಳತಾದವರಲ್ಲಿ ಕೆಲವರು ಅದೇ ಮುಳ್ಳಿನೊಡನೆ ಸಂಜೆಯವರೆಗೆ ಉಳುತ್ತಾರೆ. ಇದು ಧೈರ್ಯವಲ್ಲ. ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿಯೇ ಇದ್ದರೆ ಕಾಲಿನ ನರಗಳು ಕೆಟ್ಟು ನೋವೇ ತಿಳಿಯದಂತಾಗುತ್ತದೆ. ರಕ್ತದ ಓಡಾಟವೂ ಕಡಮೆಯಾಗುವುದರಿಂದ ಗಾಯ ಬೇಗ ಮಾಯುವುದಿಲ್ಲ. ಬೀಡಿ ಸೇದುವವರಿಗೆ ಇನ್ನೂ ಕಷ್ಟ. ಕೀವು ಮೂಳೆಗೆ ಇಳಿದರೆ ಬೆರಳನ್ನೋ, ಕೆಲವೊಮ್ಮೆ ಕಾಲನ್ನೋ ತೆಗೆಯಬೇಕಾಗುತ್ತದೆ. ಕಾಲು ಕಳೆದುಕೊಂಡ ಬೇಸಾಯಗಾರನ ಮನೆಯ ಪಾಡನ್ನು ನಿಮಗೆ ವಿವರಿಸಬೇಕಾಗಿಲ್ಲ.

ಆದ್ದರಿಂದ ಈ ಕಾಯಿಲೆ ಇರುವವರು ದಿನವೂ ಹೊಲದಿಂದ ಬಂದೊಡನೆ ಕಾಲು ತೊಳೆದು, ಬೆರಳ ಸಂದುಗಳ ತೇವ ಒರಸಿ, ಬೆಳಕಿನಲ್ಲಿ ಕುಳಿತು ಅಂಗಾಲನ್ನು ನೋಡಿಕೊಳ್ಳಬೇಕು. ಬಗ್ಗಲಾರದವರು ನೆಲದ ಮೇಲೆ ಕನ್ನಡಿಯಿಟ್ಟು ನೋಡಲಿ, ಇಲ್ಲವೆ ಮನೆಯವರಿಗೆ ತೋರಿಸಲಿ. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಬಹುದು, ಬೆರಳ ಸಂದಿಗೆ ಬೇಡ. ಹಂಡೆಯ ನೀರು ಎಷ್ಟು ಬಿಸಿಯಿದೆಯೆಂದು ಕಾಲಿಟ್ಟು ನೋಡಬೇಡಿ. ಮೊದಲು ತಂಬಿಗೆಗೆ ತೆಗೆದು ಮೊಳಕೈಗೆ ತಾಗಿಸಿ ನೋಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತಿಕೊಳ್ಳುವ ಚಾಳಿ ನಮ್ಮಲ್ಲಿ ಬಹಳ, ಅದನ್ನು ಬಿಡಲೇಬೇಕು. ಮೆಟ್ಟಿಲ್ಲದೆ ಹೊಲಕ್ಕೆ ಹೋಗಬಾರದು. ಕೆಸರುಗದ್ದೆಯಲ್ಲಿ ಮೆಟ್ಟು ನಿಲ್ಲದು, ನಿಜ. ಅಲ್ಲಿ ಗಂಬೂಟು ಒಳ್ಳೆಯದು. ಹಾಕಿಕೊಳ್ಳುವ ಮೊದಲು ಬೋರಲು ಮಾಡಿ ಕೊಡವಿರಿ.

ಗಾಯ ಕಂಡರೆ ಸುಣ್ಣ, ಸೊಪ್ಪಿನ ರಸ ಹಚ್ಚಿ ವಾರಗಟ್ಟಲೆ ಕಾಯುವುದು ಬೇಡ. ಶುದ್ಧ ನೀರಿನಿಂದ ತೊಳೆದು, ಮಡಿ ಬಟ್ಟೆ ಸುತ್ತಿ, ನೋವಿಲ್ಲದಿದ್ದರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ.

ಸಕ್ಕರೆ ಹಿಡಿತದಲ್ಲಿರದಿದ್ದರೆ ಇಷ್ಟೆಲ್ಲ ಮಾಡಿಯೂ ಸಾಲದು. ರಾಗಿ ಉಣ್ಣುವವರಿಗೆ ಈ ಕಾಯಿಲೆ ಬಾರದೆಂದು ನಂಬಿದವರುಂಟು. ರಾಗಿ ಒಳ್ಳೆಯ ಧಾನ್ಯವೇ; ಆದರೆ ದೊಡ್ಡ ಮುದ್ದೆ ಎರಡು ಉಂಡರೆ ಅದೂ ಸಕ್ಕರೆಯನ್ನು ಏರಿಸುತ್ತದೆ. ಮುದ್ದೆ ಚಿಕ್ಕದಾಗಲಿ, ಸೊಪ್ಪು ಕಾಳು ಹೆಚ್ಚಾಗಲಿ. ಮೈ ಹಗುರವಾಯಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು ಉಣ್ಣದೆ ದುಡಿದರೆ ಸಕ್ಕರೆ ತೀರ ಇಳಿದು ಕೈ ನಡುಗಿ, ಬೆವರಿ, ಕಣ್ಣು ಕತ್ತಲಿಡಬಹುದು. ಆಗ ಕೂಡಲೇ ಬಾಯಿಗೆ ಹಾಕಿಕೊಳ್ಳಲು ಬುತ್ತಿಯ ಗಂಟಿನಲ್ಲಿ ಬೆಲ್ಲದ ಉಂಡೆಯೊಂದಿರಲಿ.

ಬರಿಹೊಟ್ಟೆಯ ರಕ್ತಪರೀಕ್ಷೆಯಲ್ಲಿ 100ಕ್ಕಿಂತ ಕಡಮೆ ಬಂದರೆ ಸರಿ. 126 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಪರೀಕ್ಷಿಸಿ ಕಾಯಿಲೆಯನ್ನು ಖಚಿತಪಡಿಸುತ್ತಾರೆ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಈ ತಪಾಸಣೆ ಉಚಿತ. ಕಾಯಿಲೆ ಈಗಾಗಲೇ ಇರುವವರು ವರ್ಷಕ್ಕೊಮ್ಮೆಯಾದರೂ ಕಾಲಿನ ಸ್ಪರ್ಶ ಸರಿಯಿದೆಯೇ ನೋಡಿರೆಂದು ವೈದ್ಯರನ್ನು ಬಾಯಿಬಿಟ್ಟು ಕೇಳಿರಿ.