ಬ್ಯಾಟರಿ ಬದಲಿಸುವ ಮುನ್ನ ಮೀಟರ್ ಹಿಡಿ

ತಮ್ಮಾ, ನಿನ್ನ ಕೈ ಚುರುಕಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿನ್ನೆ ಕಲ್ಯಾಣದಿಂದ ಬಂದ ವ್ಯಾನನ್ನು ನೋಡಿದ ಕೂಡಲೇ ‘ಬ್ಯಾಟರಿ ಹೋಗಿದೆ’ ಎಂದುಬಿಟ್ಟೆಯಲ್ಲ, ಅದು ನನ್ನ ಮನಸ್ಸನ್ನು ರಾತ್ರಿಯಿಡೀ ಕೊರೆಯಿತು. ಆ ವ್ಯಾನಿನವನು ದೀಪಾವಳಿಗಷ್ಟೇ ಹೊಸ ಬ್ಯಾಟರಿ ಹಾಕಿಸಿದ್ದ. ಶಾಲೆ ಮಕ್ಕಳನ್ನು ಕರೆದೊಯ್ದು ದುಡಿಯುವವನು.

ನಾನೂ ಈ ತಪ್ಪು ಮಾಡಿದ್ದೇನೆ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತು. ಉಲ್ಹಾಸ್ ನದಿ ಉಕ್ಕಿ ಕಲ್ಯಾಣ, ಬದ್ಲಾಪುರಕ್ಕೂ ನೀರು ನುಗ್ಗಿತ್ತು. ಆ ನೀರಲ್ಲಿ ನಿಂತಿದ್ದ ಒಂದು ಟ್ಯಾಕ್ಸಿಗೆ ನಾನು ಎರಡು ಸಲ ಬ್ಯಾಟರಿ ಮಾರಿದೆ. ಮೂರನೇ ಸಲ ಬಂದಾಗ ಅರ್ಥಿಂಗ್ ಕೇಬಲ್ಲಿನ ಲಗ್ ಹತ್ತಿರ ಬ್ಲೇಡಿನಿಂದ ಸೀಳಿದೆ. ಮೇಲೆ ರಬ್ಬರ್ ಹೊಸದರಂತಿತ್ತು. ಒಳಗಿನ ತಾಮ್ರ ಕಪ್ಪಾಗಿ, ಹಸಿರು ಕಿಲುಬು ಹಿಡಿದು, ಉಗುರು ತಾಗಿದರೆ ಪುಡಿಯಾಗಿ ಉದುರುತ್ತಿತ್ತು. ಎರಡನೇ ಬ್ಯಾಟರಿಯ ದುಡ್ಡನ್ನು ಅವನಿಗೆ ವಾಪಸ್ ಕೊಟ್ಟೆ. ಅಂದಿನಿಂದ ಮೀಟರ್ ಹಿಡಿಯದೆ ನಾನು ಬಾಯಿ ಬಿಟ್ಟಿಲ್ಲ.

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಇದ್ದರೆ ಹೆಚ್ಚುಕಮ್ಮಿ ಅರ್ಧ. ಎಂಜಿನ್ ಓಡುವಾಗ 13.8ರಿಂದ 14.5ರೊಳಗೆ ಇರಬೇಕು. 15 ದಾಟಿದರೆ ಕಟೌಟ್ (ವೋಲ್ಟೇಜ್ ರೆಗ್ಯುಲೇಟರ್) ಕೆಟ್ಟಿದೆ, ಬ್ಯಾಟರಿ ಕುದಿಯುತ್ತದೆ. ಹೊಸ ಕಾರುಗಳಲ್ಲಿ ಕಂಪ್ಯೂಟರೇ ವೋಲ್ಟೇಜ್ ಏರಿಸಿ ಇಳಿಸುತ್ತದೆ, ಅವುಗಳ ವಿಷಯದಲ್ಲಿ ಅವಸರ ಬೇಡ.

ಈಗ ಆ ವ್ಯಾನಿಗೆ ಬಾ. ಯಾರೋ ದೊಡ್ಡ ಆಲ್ಟರ್ನೇಟರ್ ಕೂರಿಸಿ, ಹಳೇ ತಂತಿಯನ್ನೇ ಉಳಿಸಿದ್ದರು. ನೀನು ಊಟಕ್ಕೆ ಹೋದಾಗ ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಚ್ಚಿ ಅಳೆದೆ. ಆಲ್ಟರ್ನೇಟರ್ ಬೋಲ್ಟಿನ ಮೇಲೆ 14.3, ಬ್ಯಾಟರಿಯ ಮೇಲೆ 13.5. ನಡುವಿನ 0.8 ಎಲ್ಲಿ ಹೋಯಿತು? ಬೋಲ್ಟಿನಿಂದ ಬ್ಯಾಟರಿ ಪ್ಲಸ್‌ಗೆ ಮೀಟರ್ ಇಟ್ಟರೆ 0.55, ಆಲ್ಟರ್ನೇಟರ್ ಬಾಡಿಯಿಂದ ಮೈನಸ್‌ಗೆ 0.25. ಎರಡೂ ಕಡೆ 0.2ರೊಳಗೆ ಇರಬೇಕಿತ್ತು. 4 ಚದರ ಮಿ.ಮೀ. ತಂತಿಯ ಎರಡು ಮೀಟರಿನಲ್ಲಿ 60 ಆಂಪಿಯರ್ ಹರಿಸಿದರೆ ಅರ್ಧ ವೋಲ್ಟ್ ದಾರಿಯಲ್ಲೇ ಶಾಖವಾಗುತ್ತದೆ. 16ರ ತಂತಿ ಹಾಕಿದರೆ 0.15ಕ್ಕೆ ಇಳಿಯುತ್ತದೆ. ದಪ್ಪ ತಂತಿ ಎಳೆದ ಮೇಲೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ. ಅದಿಲ್ಲದೆ ತಂತಿ ಎಲ್ಲಾದರೂ ಸವೆದು ಬಾಡಿಗೆ ತಾಗಿದರೆ ಗಾಡಿಯೇ ಹೊತ್ತಿಕೊಳ್ಳುತ್ತದೆ, ಒಳಗೆ ಮಕ್ಕಳಿರುತ್ತಾರೆ.

ಇನ್ನೊಂದು ದೋಷ ಟೇಪಿನೊಳಗೆ ಅಡಗಿತ್ತು. ಡ್ಯಾಶ್‌ಬೋರ್ಡಿನ ಬ್ಯಾಟರಿ ಲೈಟಿಗೆ ಹೋಗುವ ಸಣ್ಣ ತಂತಿಯನ್ನು ಕತ್ತರಿಸಿ ಸುತ್ತಿಬಿಟ್ಟಿದ್ದರು. ಆ ಲೈಟು ಬರೀ ಎಚ್ಚರಿಕೆಗೆ ಎಂದುಕೊಳ್ಳಬೇಡ. ಇಂಥ ಆಲ್ಟರ್ನೇಟರುಗಳಲ್ಲಿ ಅದರ ಮೂಲಕ ಹರಿಯುವ ಚೂರು ಕರೆಂಟೇ ರೋಟರಿಗೆ ಮೊದಲ ಜೀವ ಕೊಡುವುದು. ಆ ತಂತಿ ಇಲ್ಲದಿದ್ದರೆ ಆಕ್ಸಿಲರೇಟರ್ ಜೋರಾಗಿ ತುಳಿಯುವವರೆಗೆ ಚಾರ್ಜ್ ಹುಟ್ಟುವುದೇ ಇಲ್ಲ. ಮಳೆಗಾಲದ ಬೆಳಿಗ್ಗೆ ಶಿಲ್‌ಫಾಟಾ ಟ್ರಾಫಿಕ್ಕಿನಲ್ಲಿ ಇಂಚಿಂಚು ಸರಿಯುವವನು ಎಲ್ಲಿ ಜೋರಾಗಿ ತುಳಿಯಬೇಕು? ಕೀ ತಿರುಗಿಸಿದಾಗ ಲೈಟು ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತದೇ ಇದ್ದರೆ ಮೊದಲು ಅದನ್ನೇ ಹುಡುಕು.

ಎಂಜಿನ್ ಓಡುತ್ತಿರುವಾಗ ಟರ್ಮಿನಲ್ ಕಿತ್ತು ‘ಪರೀಕ್ಷೆ’ ಮಾಡುವವರನ್ನು ತುರ್ಭೆಯಿಂದ ಠಾಣೆಯವರೆಗೆ ಎಲ್ಲ ಕಡೆ ನೋಡುತ್ತೀಯ. ನೀನು ಮಾಡಬೇಡ. ಆ ಕ್ಷಣ ವೋಲ್ಟೇಜ್ ಚಿಮ್ಮಿ ಆಲ್ಟರ್ನೇಟರಿನ ಡಯೋಡುಗಳು ಸುಡಬಹುದು. ಒಂದು ಡಯೋಡ್ ಸೋರಿದರೂ ಹಗಲೆಲ್ಲ ತುಂಬಿದ್ದು ರಾತ್ರಿ ನಿಂತಲ್ಲೇ ಖಾಲಿ. ಹಾಗೆ ಖಾಲಿಯಾಗುವ ಗಾಡಿ ಬಂದರೆ ಎಲ್ಲ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಮೈನಸ್ ದಾರಿಯಲ್ಲಿ ಮೀಟರ್ ಸೇರಿಸು. 50 ಮಿಲಿ ಆಂಪಿಯರ್ ಮೀರಿದರೆ ಒಂದೊಂದೇ ಫ್ಯೂಸ್ ತೆಗೆದು ನೋಡು. ಯಾವ ಫ್ಯೂಸಿಗೂ ಇಳಿಯದಿದ್ದರೆ ಆಲ್ಟರ್ನೇಟರಿನ ದಪ್ಪ ತಂತಿ ಬಿಚ್ಚು; ಆಗ ಇಳಿದರೆ ಡಯೋಡೇ ಸೋರುತ್ತಿದೆ.

ವ್ಯಾನಿನವನು ಸಂಜೆ ಬರುತ್ತಾನೆ. ಬಿಸಿಗೆ ಸುಟ್ಟ ಆ ಹಳೇ ತಂತಿಯ ತುಂಡನ್ನು ಎಸೆಯದೆ ಇಟ್ಟಿದ್ದೇನೆ, ಅವನ ಕೈಗೇ ಕೊಡು. ‘ಬ್ಯಾಟರಿ ಚೆನ್ನಾಗಿದೆ, ನಾನು ಅವಸರದಲ್ಲಿ ಹೇಳಿದೆ’ ಎನ್ನು. ನಾವು ಬದಲಿಸಿದ ವೈರಿಂಗನ್ನು ಒಂದು ಹಾಳೆಯಲ್ಲಿ ಬರೆದು, ಯಾವ ಬಣ್ಣದ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಗುರುತು ಹಾಕಿ, ಅವನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಡು. ಮುಂದೆ ಪನವೇಲಿನಲ್ಲೋ ಐರೋಲಿಯಲ್ಲೋ ಬಾನೆಟ್ ಎತ್ತುವ ಹುಡುಗ ಕತ್ತಲಲ್ಲಿ ತಡಕಾಡದಿರಲಿ.