ಮೆರವಣಿಗೆ ಮುಗಿದ ಮೇಲೆ

ನೋಡಮ್ಮ, ಬಡಾವಣೆ ಸಂಘದ ಕಾರ್ಯದರ್ಶಿಯಾದ ಕೂಡಲೇ ನೀನು ಮಕ್ಕಳ ಸುರಕ್ಷತೆಯ ಕೆಲಸ ಕೈಗೆತ್ತಿಕೊಂಡೆ ಅಂತ ಕೇಳಿ ಮನಸ್ಸಿಗೆ ಸಮಾಧಾನವಾಯಿತು. ಸಿಸಿಟಿವಿ ಹಾಕಿಸುವುದು, ವಾಚ್‌ಮನ್‌ಗಳ ಪೂರ್ವಾಪರ ವಿಚಾರಿಸುವುದು, ಮಕ್ಕಳಿಗೆ ಗುಡ್ ಟಚ್ ಬ್ಯಾಡ್ ಟಚ್ ಹೇಳಿಕೊಡಿಸುವುದು ಎಲ್ಲವೂ ಆಗಬೇಕಾದದ್ದೇ. ಆದರೆ ಅವೆಲ್ಲ ಅನಾಹುತ ಆಗದಿರಲಿ ಎಂದು ಮಾಡುವ ಕೆಲಸ. ಆಗಬಾರದ್ದು ಆಗಿಹೋದ ಮಗು ನಮ್ಮ ಬೀದಿಯಲ್ಲೇ ಇದ್ದರೆ ನಾವೇನು ಮಾಡಬೇಕು? ಆ ಮಾತು ಯಾವ ಸಭೆಯಲ್ಲೂ ಬರುವುದಿಲ್ಲ. ಅದನ್ನೇ ನಿನ್ನ ಕಿವಿಗೆ ಹಾಕಬೇಕು ಅಂತಿದ್ದೇನೆ.

2014ರ ಜುಲೈ ನಿನಗೆ ನೆನಪಿರಬಹುದು. ನಗರದ ಪೂರ್ವ ಭಾಗದ ಶಾಲೆಯೊಂದರಲ್ಲಿ ಆರು ವರ್ಷದ ಮಗುವಿನ ಮೇಲೆ ನಡೆದ ದೌರ್ಜನ್ಯಕ್ಕೆ ಬೆಂಗಳೂರೇ ಕುದಿದುಹೋಯಿತು. ಸಾವಿರಾರು ತಂದೆತಾಯಿಯರು ಬೀದಿಗಿಳಿದರು. ಇಳಿಯಲೇಬೇಕಿತ್ತು. ಆದರೆ ಇಂಥ ಮನೆಯವರ ಕಷ್ಟ ಮೆರವಣಿಗೆಯ ಜೊತೆ ಮುಗಿಯುವುದಿಲ್ಲ. ವಿಚಾರಣೆ ಸಾಧ್ಯವಾದಷ್ಟು ಒಂದು ವರ್ಷದೊಳಗೆ ಮುಗಿಯಬೇಕೆಂದು, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯಿದೆ ಹೇಳುತ್ತದೆ, ನಡೆಯುವುದು ಬೇರೆ. ವಾಯಿದೆಯ ಮೇಲೆ ವಾಯಿದೆ ಬೀಳುತ್ತಿರುವಾಗ ಆ ಕುಟುಂಬದ ಅಕ್ಕಪಕ್ಕ ಇರುವವರು ನಾವು, ನೆರೆಹೊರೆಯವರು.

ನೆರೆಹೊರೆ ಆಗ ಹೇಗೆ ನಡೆದುಕೊಳ್ಳುತ್ತದೆ ಗೊತ್ತೇ? ಮನೆ ಓನರ್ "ಈ ತಿಂಗಳ ಕೊನೆಗೆ ಖಾಲಿ ಮಾಡಿ, ಪೊಲೀಸರು ಬಂದು ಹೋಗುವ ಮನೆ ಆಗಬಾರದು" ಅನ್ನುತ್ತಾರೆ. ಜೊತೆಗೆ ಆಡುತ್ತಿದ್ದ ಮಕ್ಕಳನ್ನು ಅವರ ತಾಯಂದಿರು ಮೆಲ್ಲಗೆ ಒಳಕ್ಕೆ ಕರೆದುಕೊಳ್ಳುತ್ತಾರೆ. ಇಂಥ ಕೃತ್ಯ ಮಾಡುವವನು ಬಹುಪಾಲು ಗೊತ್ತಿದ್ದವನೇ. ನೆಂಟ, ಟ್ಯೂಷನ್ ಮೇಷ್ಟ್ರು, ಪಕ್ಕದ ಮನೆಯವನು. ಹಾಗಾಗಿ ನಾಲ್ಕು ಜನ ಹಿರಿಯರು ಸೇರಿ "ಮರ್ಯಾದೆ ಪ್ರಶ್ನೆ, ಮಾತಾಡಿ ಮುಗಿಸಿಬಿಡಿ" ಎಂದು ರಾಜಿಗೆ ಕೂರುತ್ತಾರೆ. ನನ್ನ ವಯಸ್ಸಿನವರೇ ಹೆಚ್ಚಾಗಿ ಅಲ್ಲಿ ಕೂರುವುದು ಎಂಬುದು ನನಗೆ ನೋವಿನ ಸಂಗತಿ. ಅಂಥ ಪಂಚಾಯ್ತಿಗೆ ನಿನ್ನ ಸಂಘದ ಕೊಠಡಿಯ ಬೀಗದ ಕೈ ಕೊಡಬೇಡ. ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲಾಗಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆಯೂ ಇದೆ.

2019ರ ನವೆಂಬರ್ 24ರಂದು ನಮ್ಮ ಹುಳಿಮಾವು ಕೆರೆಯ ಕಟ್ಟೆ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತಲ್ಲ, ಆಗ ನೆಂದು ನಿಂತವರನ್ನು ಯಾರೂ "ನೀವೇನು ತಪ್ಪು ಮಾಡಿದಿರಿ" ಅಂತ ಕೇಳಲಿಲ್ಲ. ಊಟ, ಹೊದಿಕೆ, ಮಲಗಲು ಜಾಗ ಕೊಟ್ಟೆವು. ದೌರ್ಜನ್ಯಕ್ಕೆ ಒಳಗಾದ ಮಗುವಿನ ವಿಷಯದಲ್ಲಿ ಮಾತ್ರ ಮೊದಲ ಪ್ರಶ್ನೆ, "ಅದು ಅಲ್ಲಿಗೆ ಯಾಕೆ ಹೋಗಿತ್ತು?" ಆ ಪ್ರಶ್ನೆ ನಮ್ಮ ಬೀದಿಯಲ್ಲಿ ಯಾರ ಬಾಯಲ್ಲೂ ಬರದಂತೆ ನೋಡಿಕೋ. ಗಂಡುಮಗುವಾದರಂತೂ ನಕ್ಕು ತಳ್ಳಿಹಾಕುವವರಿದ್ದಾರೆ. ಪೋಕ್ಸೊ ಗಂಡು ಹೆಣ್ಣು ಎನ್ನದೆ ಹದಿನೆಂಟು ತುಂಬದ ಎಲ್ಲರಿಗೂ ಒಂದೇ.

2012ರ ನವೆಂಬರ್ 14ರಂದು ಜಾರಿಗೆ ಬಂದ ಈ ಕಾಯಿದೆಯನ್ನು ಒಮ್ಮೆ ಕೂತು ಓದು. ಹೇಳಿಕೆ ಪಡೆಯುವಾಗ, ವೈದ್ಯಕೀಯ ತಪಾಸಣೆಯಾಗುವಾಗ, ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವಾಗ, ಮೂರು ಕಡೆಯೂ ಮಗುವಿಗೆ ನಂಬಿಕೆಯಿರುವವರು ಜೊತೆಗಿರಲು ಅವಕಾಶ ಮಾಡಿಕೊಟ್ಟಿದೆ. ಅವರು ತಂದೆತಾಯಿಯೇ ಆಗಬೇಕೆಂದಿಲ್ಲ. ಪೊಲೀಸರು ಮಗು ಇರುವಲ್ಲಿಗೇ, ಸಮವಸ್ತ್ರವಿಲ್ಲದೆ ಬಂದು ಹೇಳಿಕೆ ಬರೆದುಕೊಳ್ಳಬೇಕು, ರಾತ್ರಿ ಠಾಣೆಯಲ್ಲಿ ಕೂರಿಸಿಕೊಳ್ಳುವಂತಿಲ್ಲ. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವಿಷಯ ತಿಳಿಸಬೇಕು. ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನು ನೇಮಿಸಬಹುದು. ತನಿಖೆ, ವಿಚಾರಣೆ ಎಲ್ಲಿಗೆ ಬಂತು ಎಂದು ಮನೆಯವರಿಗೆ ತಿಳಿಸುತ್ತ ಕೊನೆಯವರೆಗೂ ಜೊತೆಗಿರುವುದೇ ಅವರ ಕೆಲಸ. ಇವರು ಎಷ್ಟು ಮುಖ್ಯ ಎಂಬುದನ್ನು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಒತ್ತಿ ಹೇಳಿತು. ಈ ಬೆಂಬಲ ವ್ಯಕ್ತಿಯ ಹೊರತಾಗಿ ತಮಗೆ ಬೇಕಾದ ಯಾರ ನೆರವನ್ನಾದರೂ ಕುಟುಂಬ ಪಡೆಯಬಹುದು ಎಂದು 2020ರ ನಿಯಮಗಳಲ್ಲಿದೆ. ಆ "ಯಾರಾದರೂ" ನಮ್ಮ ಬೀದಿಯವರೇ ಯಾಕಾಗಬಾರದು?

ಕೋರ್ಟಿನ ದಿನ ಅಂದರೆ ಹೇಗಿರುತ್ತದೆ ಯೋಚಿಸು. ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಇಲ್ಲಿ ಗಾರೆ ಕೆಲಸ ಮಾಡುವ ತಾಯಿಗೆ ಅವತ್ತಿನ ಕೂಲಿ ಹೋಯಿತು. ಚಿಕ್ಕ ಕೂಸನ್ನು ಅಂಗನವಾಡಿಯಿಂದ ಕರೆತರುವವರಿಲ್ಲ. ಬೆಳಿಗ್ಗೆಯೇ ಎದ್ದು 365 ಬಸ್ ಹತ್ತಿ ಹೋದರೆ, ಮಧ್ಯಾಹ್ನದವರೆಗೂ ಹೆಸರು ಕೂಗುವುದನ್ನೇ ಕಾಯಬೇಕು. ಮಗುವಿಗೆ ಹಸಿವು. ಅಂಥ ಹೊತ್ತಿನಲ್ಲಿ ಚಿತ್ರಾನ್ನದ ಡಬ್ಬಿ, ನೀರಿನ ಬಾಟಲಿ, ಬಣ್ಣದ ಪೆನ್ಸಿಲ್ಲು ಹಿಡಿದು ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದರೆ ಆ ತಾಯಿಗೆ ಎಷ್ಟು ಬಲ! ಜೊತೆಗೆ ಹೋದವರು ಸಾಕ್ಷಿ ಹೇಳಿಕೊಡಲು ಹೋಗಬಾರದು, ಅದು ಕೇಸನ್ನೇ ಕೆಡಿಸುತ್ತದೆ. ಊಟ, ಬಟ್ಟೆ, ಓಡಾಟದ ತುರ್ತು ಖರ್ಚಿಗೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಿದರೆ ವಾರದೊಳಗೆ ಹಣ ಕೊಡಬೇಕೆಂಬ ನಿಯಮವಿದೆ. ಬಡವರಿಗೆ ಇದು ಗೊತ್ತೇ ಇರುವುದಿಲ್ಲ. ಅರ್ಜಿ ಬರೆದುಕೊಡುವುದಕ್ಕೆ ನಿಮ್ಮಲ್ಲಿ ಓದಿದವರು ಎಷ್ಟು ಜನ ಇದ್ದೀರಿ!

ಮಗುವನ್ನು ಏನಾಯಿತೆಂದು ಕೇಳಬೇಡಿ. ಅದು ತಾನಾಗಿ ಹೇಳಿದರೆ ಪೂರ್ತಿ ಕೇಳಿ, ನಂಬಿ, "ನಿನ್ನ ತಪ್ಪಿಲ್ಲ" ಅನ್ನಿ. ಎದುರಿಗೆ "ಪಾಪ" ಅಂತ ಲೊಚಗುಟ್ಟುವುದು ಬೇಡವೇ ಬೇಡ. ಹುಟ್ಟುಹಬ್ಬಕ್ಕೆ ಕರೆಯಿರಿ, ಗಣೇಶನ ಹಬ್ಬದ ಹಾಡಿಗೆ, ಓಟಕ್ಕೆ ಮೊದಲಿನ ಹಾಗೇ ಸೇರಿಸಿಕೊಳ್ಳಿ. ಆಡದಿದ್ದರೆ ಬಲವಂತ ಬೇಡ. ನಿದ್ದೆಯಲ್ಲಿ ಬೆಚ್ಚುವುದು, ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಸ್ಕೂಲಿಗೆ ಹೋಗಲೊಲ್ಲೆ ಅನ್ನುವುದು ಕಂಡರೆ ಗದರದೆ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಕರೆದುಕೊಂಡು ಹೋಗಲು ಮನೆಯವರ ಜೊತೆ ಮಾತಾಡಿ. ಬನ್ನೇರುಘಟ್ಟ ರಸ್ತೆ ಹಿಡಿದು ಡೈರಿ ಸರ್ಕಲ್ ದಾಟಿದರೆ ಅಷ್ಟೇನೂ ದೂರವಿಲ್ಲ.

ಇನ್ನೊಂದು, ನಿಮ್ಮ ವಾಟ್ಸ್ಆ್ಯಪ್ ಗುಂಪು. ಮಗುವಿನ ಹೆಸರು, ಫೋಟೊ ಮಾತ್ರವಲ್ಲ, ಮನೆ, ಶಾಲೆ, ನೆರೆಹೊರೆ ಯಾವುದರಿಂದಲೂ ಗುರುತು ಸಿಗಬಾರದು ಎನ್ನುತ್ತದೆ ಕಾಯಿದೆ. "ನಮ್ಮ ಮೂರನೇ ಕ್ರಾಸ್‌ನಲ್ಲಿ" ಅಂತ ಬರೆದರೂ ಸಾಕು, ಗುರುತು ಸಿಕ್ಕಿತೆಂದೇ ಲೆಕ್ಕ. ಅಂಥ ಸಂದೇಶ ಬಂದ ಕೂಡಲೇ ತೆಗೆದುಹಾಕು, ಕಳಿಸಿದವರಿಗೆ ಫೋನ್ ಮಾಡಿ ಹೇಳು. ಯಾರಿಗೆ ಬೇಸರವಾದರೂ ಆಗಲಿ.

ಮುಂದಿನ ಸಭೆಯಲ್ಲಿ ಯಾವುದೇ ಮಗುವಿನ ವಿಷಯ ಎತ್ತದೆ ಇಷ್ಟು ಮಾಡು. 1098 ಮಕ್ಕಳ ಸಹಾಯವಾಣಿ ಹಗಲು ರಾತ್ರಿ ಉಚಿತ, ಅದನ್ನು ಗೇಟಿನ ಬಳಿ, ಕಾರ್ಮಿಕರ ಶೆಡ್‌ಗಳ ಬಳಿಯೂ ಕನ್ನಡದಲ್ಲಿ ದೊಡ್ಡದಾಗಿ ಬರೆಸು. ಮಾತು ಹೊಟ್ಟೆಯಲ್ಲಿಟ್ಟುಕೊಳ್ಳಬಲ್ಲ ಮೂರು ನಾಲ್ಕು ಜನರನ್ನು ಆರಿಸಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರನ್ನು ಕರೆಸಿ ತರಬೇತಿ ಕೊಡಿಸು. ಕೋರ್ಟಿಗೆ ಜೊತೆಗೆ ಹೋಗಲು ಬಿಡುವಿರುವವರ ಪಟ್ಟಿಯಲ್ಲಿ ಮೊದಲು ನನ್ನ ಹೆಸರು ಬರೆದುಕೋ.